ಸೇವಂತಿಗೆಯ ಪಾತಿ

ಇಲ್ಲೂ ಬೋಳು, ಅಂಗೈ ಅಗಲದಷ್ಟು, ಪಕ್ಕದಲ್ಲಿ ಇನ್ನೊಂದು, ನಿನ್ನೆ ಸಂಜೆ ಇದು ಇರಲಿಲ್ಲ, ಅಂದರೆ ನಾನು ಚಹಕ್ಕೆ ಹಾಲಿಟ್ಟು ತಿರುಗುವಷ್ಟರಲ್ಲಿ ಅತ್ತೆ ಮತ್ತೆ ಇಲ್ಲಿ ಕುಕ್ಕರುಗಾಲಲ್ಲಿ ಕೂತು ಕಿತ್ತಿದ್ದಾಳೆ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ತನ್ನೂರು ಘೋಣಸಗಿಯ ಹೊಲದಲ್ಲಿ ಜೋಳದ ಸಾಲಿನ ನಡುವೆ ಕೂತ ಹಾಗೆಯೇ — ಇರಲಿ, ಸಿಟ್ಟಿನಿಂದ ಹುಲ್ಲು ಬೆಳೆಯುವುದಿಲ್ಲ, ಕುರಪಿ ಓರೆ ಹಿಡಿ, ಮಣ್ಣು ಸಡಿಲಿಸು, ಹೊಸ ಮನೆಯ ಮುಂದೆ ಲಾನ್ ಬೇಕೇ ಬೇಕೆಂದು ಹಟ ಹಿಡಿದವಳು ನೀನೇ ಅಲ್ಲವೇ ಅನುರಾಧಾ, ಈಗ ನೋಡು, ನುಸಿ ತಿಂದ ಕಂಬಳಿ, ಒಂದು ಕಡೆ ಹಸಿರು, ಒಂದು ಕಡೆ ಬೋಳು, ಉಳಿದ ಕಡೆ ಏನೇನೋ ಕಸ. ನರ್ಸರಿಯ ಶಕೀಲ ಬಂದು ನೋಡಿ ತಲೆ ಕೆರೆದುಕೊಂಡ, ಮೇಡಂರ, ಇದು ಕರೀ ಮಣ್ಣ, ಬರೇ ಹುಲ್ಲ ಹಚ್ಚಿದ್ರ ಹತ್ತಂಗಿಲ್ಲ, ಮೊದಲ ಕಸಾ ಬೇರ ಸಮೇತ ತಗೀರಿ, ಉಸುಕ, ತಿಪ್ಪಿಗೊಬ್ಬರ ಕಲಸ್ರಿ, ಆಮ್ಯಾಲ ಗೇಣಿಗೊಂದ ಕರಕಿ ಬೇರ ಹಚ್ಚಿ ಕಾಲಿಲೆ ತುಳೀರಿ, ಆದ್ರ ಕೀಳೋರು ಯಾರಂತ ಮೊದಲ ನೋಡ್ರಿ. ಕೀಳುವವರು ಯಾರೆಂದು ನೋಡುವುದೇನು, ಬಾಗಿಲ ಮೆಟ್ಟಿಲ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು, ಶಂಕ್ರೆವ್ವ, ನನ್ನ ಅತ್ತೆ, ಕರಿಕೆ, ಅದೇ ಗರಿಕೆ ಹುಲ್ಲು, ಅದರ ಹೆಸರು ಕೇಳಿದರೆ ಸಾಕು ಕೈ ತುರಿಸುವ ಹೆಂಗಸು, ಹೊಲದಲ್ಲಿ ಕರಿಕೆ ಕಿತ್ತು ಕಿತ್ತೇ ಬೆನ್ನು ಬಗ್ಗಿಸಿಕೊಂಡವಳು. ಲಾನಿನ ಹುಲ್ಲು ಗಾಡಿಯಿಂದ ಇಳಿದ ದಿನ ಅವಳು ನಕ್ಕ ನಗೆ ಇನ್ನೂ ಕಿವಿಯಲ್ಲಿದೆ, ಹುಚ್ಚ ಹುಡುಗಿ, ಕರಕಿ ಯಾರರ ರೊಕ್ಕಾ ಕೊಟ್ಟ ತರ್ತಾರೇನ, ನನ್ನ ಕೇಳಿದ್ರ ಗಾಡಿಗಟ್ಟಲೆ ಕೊಡ್ತಿದ್ನೆಲ್ಲ, ಮ್ಯಾಲ ಗಾಡಿ ಬಾಡಿಗಿನೂ ನಾನ ಕೊಡ್ತಿದ್ದೆ. ನಾವೆಲ್ಲ ನಕ್ಕೆವು, ಶಕೀಲನೂ ನಕ್ಕ, ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಮಾತ್ರ ನನ್ನ ಗಂಡ ಸಿದ್ದಲಿಂಗೇಶ ನಗಲಿಲ್ಲ, ಯವ್ವಾ, ಅದು ಕಸ ಅಲ್ಲ ಬೇ, ಬೆಳಿ ಅಂತ ತಿಳ್ಕೋ, ಇನ್ನ ಅದಕ್ಕ ಕೈ ಹಚ್ಚಬ್ಯಾಡ ಅಂದ, ಅಷ್ಟೇ ಅಂದದ್ದು, ಜೋರಾಗಿಯೂ ಅನ್ನಲಿಲ್ಲ, ಅತ್ತೆ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ, ಹಂಗಾರ ನಾ ಊರಿಗೆ ಹೋಗ್ತೀನಪಾ, ಇಲ್ಲಿ ನನಗೇನ ಕೆಲಸ ಐತಿ ಅಂದಳು. ಈಗ ಚೀಲ ತುಂಬಿ ಬಾಗಿಲ ಹಿಂದೆ ಇಟ್ಟಾಗಿದೆ, ಸಿದ್ದಲಿಂಗೇಶ ನೀರಿನ ಪೈಪು ತರಲು ಸ್ಟೇಷನ್ ರಸ್ತೆಗೆ ಹೋಗಿದ್ದಾನೆ, ಬಂದವನೇ ಅವಳನ್ನು ತಿಕೋಟಾ ಬಸ್ಸಿಗೆ ಕೂಡಿಸುತ್ತಾನೆ, ಅಲ್ಲಿಂದ ಮೈದುನ ಮುತ್ತು ಬೈಕಿನಲ್ಲಿ ಊರಿಗೆ ಕರೆದೊಯ್ಯುತ್ತಾನೆ, ಎಲ್ಲರೂ ಎಲ್ಲವನ್ನೂ ಫೋನಿನಲ್ಲಿ ಗೊತ್ತು ಮಾಡಿದ್ದಾರೆ, ನನ್ನನ್ನು ಮಾತ್ರ ಯಾರೂ ಕೇಳಿಲ್ಲ.

ಕೇಳಿದ್ದರೆ ಏನನ್ನುತ್ತಿದ್ದೆ, ಬೇಡ, ಕಳಿಸಬೇಡಿ, ಈ ಮನೆ ಕಟ್ಟುವಾಗ ಕೆಳಗಿನ ಕೋಣೆಗೆ ದೊಡ್ಡ ಕಿಟಕಿ ಇಡಿಸಿದ್ದೇ ಅವಳಿಗಾಗಿ, ಗೃಹಪ್ರವೇಶಕ್ಕೆ ಬಂದವಳು ಹೋಗದೇ ಇರಲಿ ಎಂಬ ಆಸೆಯಿಂದ, ಮಂದಿಗೆ ಇದು ಅರ್ಥವಾಗುವುದಿಲ್ಲ, ಸಾಲೆಯ ಟೀಚರುಗಳು ನಗುತ್ತಾರೆ, ಅತ್ತಿ ಹೋಗ್ತಾರಂದ್ರ ಹಬ್ಬಾ ಮಾಡೋದ ಬಿಟ್ಟ ಅಳ್ತಿಯಲ್ಲ — ಅವರಿಗೇನು ಗೊತ್ತು, ಸಿದ್ದಲಿಂಗೇಶನ ತಾಯಿಯಾಗಿ ಅಲ್ಲ, ನನ್ನಪ್ಪನ ಅಕ್ಕನಾಗಿ ಅವಳು ನನಗೆ ಮೊದಲು ಅತ್ತೆ, ಅವ್ವ ತೀರಿದಾಗ ನಾನಿನ್ನೂ ಫ್ರಾಕಿನ ಹುಡುಗಿ, ಬಬಲೇಶ್ವರದ ನಮ್ಮ ಮನೆಗೆ ಘೋಣಸಗಿಯಿಂದ ರೊಟ್ಟಿಗಂಟು ಹೊತ್ತು ಬರುತ್ತಿದ್ದಳು, ಬಂದವಳೇ ನನ್ನ ಜಡೆ ಬಿಚ್ಚಿ ಎಣ್ಣೆ ಹಚ್ಚಿ ಮತ್ತೆ ಹೆಣೆಯುತ್ತಿದ್ದಳು, ಗಟ್ಟಿಯಾಗಿ, ಹುಬ್ಬು ಮೇಲೆಳೆಯುವಷ್ಟು ಗಟ್ಟಿಯಾಗಿ, ಅತ್ತಿ ನೋಯ್ತೈತಿ ಅಂದರೆ, ನೋಯ್ಲಿ, ಮುಂದಿನ ವಾರತನಾ ಬಿಚ್ಚಬಾರದು. ನಾನು ದೊಡ್ಡವಳಾದ ಮೇಲೆ ಅಪ್ಪನ ಮುಂದೆ ಕೂತು, ಇದು ನನ್ನ ಹುಡುಗಿ ಐತಿ, ನನ್ನ ಮನೀಗೇ ಬರಬೇಕು ಅಂದಳು, ಅಪ್ಪನ ಜೊತೆ ಮಾತು ಮುಗಿಸುವ ಮೊದಲೇ ಬಬಲೇಶ್ವರದ ಪತ್ತಾರನ ಅಂಗಡಿಗೆ ಹೋಗಿ ಮೀನಿನ ಕಾಲುಂಗುರ ತಂದುಬಿಟ್ಟಿದ್ದಳು, ಸಿದ್ಯಾ ಎಂದು ಕರೆದು ನಾನು ಕಲ್ಲು ಎಸೆಯುತ್ತಿದ್ದ ಹುಡುಗನನ್ನು ಗಂಡ ಎನ್ನುವುದಕ್ಕೆ ನನಗೆ ನಗು ತಡೆಯಲಾಗಿರಲಿಲ್ಲ, ಅವನಿಗಲ್ಲ ನಾನು ಹೂಂ ಅಂದದ್ದು, ಅವಳಿಗೆ, ಅವನಿಗೂ ಇದು ಗೊತ್ತಿದೆ, ಈಗಲೂ ಜಗಳವಾದರೆ ಆಡಿ ತೋರಿಸುತ್ತಾನೆ. ಹೊಸ ಸೊಸೆಯನ್ನು ಹೊಲಕ್ಕೆ ಕರೆದೊಯ್ದು ಬದುವಿನ ಮೇಲೆ ಕೂರಿಸಿ ಹತ್ತರಕಿ ಸೊಪ್ಪು ಕಿತ್ತು, ಒರೆಸಿ, ಹಸಿಯಾಗಿಯೇ ರೊಟ್ಟಿಯೊಳಗಿಟ್ಟು ತಿನ್ನಿಸಿದ್ದಳು, ಕಹಿ ಅಂದೆ, ಅಗಿ, ಆಮ್ಯಾಲ ರುಚಿ ಹತ್ತತೈತಿ ಅಂದಳು, ಹತ್ತಿತು, ಹತ್ತಿದ್ದು ಬಿಡಲೇ ಇಲ್ಲ — ಅರೆ, ಇದೇನು, ಅವಳು ಕಿತ್ತು ಹಾಕಿದ ಕಸದ ಗುಪ್ಪೆಯಲ್ಲಿ ಕರಿಕೆಯ ಜೊತೆಗೆ ಇದು, ಹಲ್ಲು ಹಲ್ಲಿನ ಎಲೆ, ಹತ್ತರಕಿ, ಎಳೆಯ ಹತ್ತರಕಿ, ಒಂದಲ್ಲ, ಬೊಗಸೆ ತುಂಬ, ಬಾಡಿ ಬಿದ್ದಿದೆ, ಹತ್ತರಕಿಯನ್ನು ಅತ್ತೆ ಗುಪ್ಪೆಗೆ ಎಸೆದಳೇ, ಸಾಧ್ಯವಿಲ್ಲ, ದಾರಿಯಲ್ಲಿ ಕಂಡರೂ ಬಗ್ಗಿ ಕಿತ್ತು ಉಡಿಯಲ್ಲಿ ಹಾಕಿಕೊಳ್ಳುವವಳು, ಅವಸರದಲ್ಲಿ ಬಂದಿರಬೇಕು, ಸಿಟ್ಟಿನಲ್ಲಿ ಬಂದಿರಬೇಕು, ಮಗನ ಮೇಲಿನ ಸಿಟ್ಟು ಸೊಪ್ಪಿನ ಮೇಲೆ.

ಗೋಡೆಯ ಬುಡ ಉಳಿದಿದೆ, ಅಲ್ಲಿನದನ್ನೂ ತೆಗೆದರೆ ಉಸುಕು ಕಲಸಬಹುದು, ಅಲ್ಲೇನು ಅಷ್ಟು ಹಸಿರು, ಸೊಂಪಾಗಿ, ಒಂದೇ ಪೊದೆಯಾಗಿ — ಥೂ, ಕಾಂಗ್ರೆಸ್ ಕಸ, ಬಿಳೀ ಹೂವಿನ ದರಿದ್ರ, ಅದರ ಸುತ್ತ ಇದೇನು, ಪಾತಿ, ಪಾತಿ ಮಾಡಿದ್ದಾರೆ ಯಾರೋ, ದುಂಡಗೆ, ನೀರು ಹಾಕಿದ್ದಾರೆ, ಮಣ್ಣಿನ್ನೂ ಹಸಿ, ಅಂಚಿನಲ್ಲಿ ಬೆರಳುಗಳು ಒತ್ತಿ ತಟ್ಟಿದ ಗುರುತು, ಐದೂ ಬೆರಳು, ಹೆಬ್ಬೆರಳು ಸ್ವಲ್ಪ ಓರೆ, ಕುಡುಗೋಲು ತಾಗಿ ಓರೆಯಾದ ಹೆಬ್ಬೆರಳು, ಅದು ಯಾರದೆಂದು ನನಗೆ ಗೊತ್ತು. ಕಾಂಗ್ರೆಸ್ ಕಸಕ್ಕೆ ಪಾತಿ ಮಾಡಿ ನೀರುಣಿಸಿದ್ದಾಳೆ ಶಂಕ್ರೆವ್ವ, ಹೊಲದ ಆ ತುದಿಯಲ್ಲಿದ್ದರೂ ಗುರುತಿಸಿ, ಅಲ್ಲೈತಿ ನೋಡ ಹಾಳಾದ್ದು, ಅನ್ನುತ್ತಿದ್ದವಳು, ಅದು ತಾಗಿ ಮೊಳಕೈವರೆಗೆ ಬೊಕ್ಕೆ ಎದ್ದು ತಿಂಗಳುಗಟ್ಟಲೆ ನರಳಿದವಳು, ಕೈಗೆ ಅರಿವೆ ಸುತ್ತಿಕೊಳ್ಳದೆ ಅದನ್ನು ಮುಟ್ಟದವಳು — ರಾತ್ರಿ ಮುಂಗೈ ಕೆರೆದುಕೊಳ್ಳುತ್ತಿದ್ದಳಲ್ಲ, ಏನಾಗೇತಿ ಅತ್ತಿ ಅಂದರೆ ಸೊಳ್ಳಿ ಕಡದಾವ ಬಿಡು ಅಂದಳಲ್ಲ, ಮೊನ್ನೆ ನಾನು ಪೇಪರು ತಿದ್ದುತ್ತ ಕೂತಾಗ, ಗ್ವಾಡಿ ಬುಡಕ ಸೇವಂತಿಗಿ ಹಚ್ಚೀಯಲ್ಲ, ಛಲೋ ಬಂದಾವ ಅಂದಳು, ನಾನು ತಲೆ ಎತ್ತದೆ ಹೂಂ ಅಂದೆನಲ್ಲ, ಎಲ್ಲಿಯ ಸೇವಂತಿಗೆ, ನಾನು ಸೇವಂತಿಗೆ ಹಚ್ಚೇ ಇಲ್ಲ. ಮುಟ್ಟಿ ನೋಡು ಅನುರಾಧಾ, ಕಣ್ಣು ಮುಚ್ಚಿ ಮುಟ್ಟಿ ನೋಡು, ಸೀಳು ಸೀಳು ಎಲೆ, ಮೆತ್ತಗೆ, ಹೌದು, ಸೇವಂತಿಗೆಯೇ, ಬೆರಳಿಗೆ ಸೇವಂತಿಗೆ, ಕಣ್ಣಿಗೆ ಮಾತ್ರ ಕಾಂಗ್ರೆಸ್ — ಅಯ್ಯೋ ಯವ್ವಾ. ಮಾಳಿಗೆಯ ಮೇಲೆ ಅವತ್ತು, ಗೃಹಪ್ರವೇಶದ ದಿನ, ಗೋಳಗುಮ್ಮಟ ಕಾಣಸ್ತೈತೇನ್ರಿ ಅತ್ತಿ ಅಂದಾಗ ನೀರಿನ ಟಾಕಿಯ ಕಡೆ ಮುಖ ಮಾಡಿ, ಎಟ್ಟ ಚಂದ ಕಾಣಸ್ತೈತಿ ಬೇ ಅಂದಳು, ನಾವು ಚೇಷ್ಟೆ ಎಂದುಕೊಂಡು ನಕ್ಕೆವು, ಜೋಳ ಹಸನು ಮಾಡಲು ಕೊಟ್ಟರೆ ಬೆನ್ನು ನೋವು ಅಂದಳು, ಪಕ್ಕದ ಮನೆಯ ಹೀನಾ ಗೇಟಿನಲ್ಲಿ ನಿಂತು ನಕ್ಕರೆ ಮಾತಾಡಿಸಲಿಲ್ಲ, ಹೀನಾ ಬೇಸರ ಮಾಡಿಕೊಂಡಳು, ಅತ್ತೆಗೆ ಸೊಕ್ಕಿಲ್ಲ ಎಂದು ನಾನು ಸಮಾಧಾನ ಹೇಳಿದೆ, ನಾನು, ವಿಜ್ಞಾನದ ಟೀಚರು, ಹತ್ತನೇ ಇಯತ್ತೆಯ ಬೋರ್ಡಿನ ಮೇಲೆ ವರ್ಷಾ ವರ್ಷಾ ಕಣ್ಣಿನ ಚಿತ್ರ ಬರೆದು, ಮಸೂರ ಮಸುಕಾದರೆ ಅದಕ್ಕೆ ಪೊರೆ ಎನ್ನುತ್ತಾರೆ, ಬರೆದುಕೊಳ್ಳಿ ಮಕ್ಕಳೇ ಎನ್ನುವವಳು. ಅವಳು ಕರಿಕೆಯ ಮೇಲಿನ ಹಗೆಯಿಂದ ಕೀಳುತ್ತಿರಲಿಲ್ಲ, ನನ್ನ ಅಂಗಳ ಹಸನು ಮಾಡುತ್ತಿದ್ದಳು, ಲಾನ್ ಯಾವುದು, ಹತ್ತರಕಿ ಯಾವುದು, ಕಸ ಯಾವುದು ಬೆರಳಿಗೆ ತಿಳಿಯದೆ, ಊರಿಗೆ ಹೋಗುತ್ತೇನೆ ಅಂದದ್ದು ಮಗನ ಮೇಲಿನ ಸಿಟ್ಟಿನಿಂದಲೂ ಅಲ್ಲ, ಅಲ್ಲಿ ಹೊಸ್ತಿಲು, ಒಲೆ, ಬಾವಿಕಟ್ಟೆ, ಎಲ್ಲ ಅವಳ ಕಾಲಿಗೆ ಬಾಯಿಪಾಠ, ಅಲ್ಲಿ ಯಾರಿಗೂ ಗೊತ್ತಾಗದ ಹಾಗೆ ಇದ್ದುಬಿಡಬಹುದು, ಪೂರಾ ಕತ್ತಲಾಗುವವರೆಗೂ ಇದ್ದುಬಿಡಬಹುದು.

ನನ್ನ ಕೈ ತನ್ನಷ್ಟಕ್ಕೆ ತಾನೇ ಆ ಕಸವನ್ನು ಬುಡ ಹಿಡಿದು ಎಳೆದುಬಿಟ್ಟಿದೆ, ಬೇರಿಗೆ ಹಸಿ ಮಣ್ಣು, ಮೆಟ್ಟಿಲ ಮೇಲೆ ಸಪ್ಪಳ, ಬಂದಳು, ಒಂದು ಕೈ ಗೋಡೆಯ ಮೇಲೆ, ಕಾಲು ಮುಂದಿಟ್ಟು ತಡವಿ ಆಮೇಲೆ ಊರುತ್ತಾಳೆ, ಹೀಗೆ ಇಳಿಯುತ್ತಿದ್ದುದನ್ನು ಇಷ್ಟು ದಿನ ಮೊಣಕಾಲು ನೋವು ಎಂದುಕೊಂಡಿದ್ದೆವು, ನಾನು ಮಾತಾಡುವುದಿಲ್ಲ, ಉಸಿರೂ ಬಿಡುವುದಿಲ್ಲ, ಎದುರಿಗೇ ಕೂತಿದ್ದೇನೆ, ಹಳದಿ ಸೀರೆ, ಬಿಸಿಲಿನಲ್ಲಿ, ನನ್ನನ್ನು ಕಂಡು ಬೈದುಬಿಡು ಅತ್ತೆ, ಬಿಸಿಲಾಗ ಯಾಕ ಕುಂತೀ ಅಂತ ಬೈದುಬಿಡು, ನನ್ನ ಲೆಕ್ಕವೆಲ್ಲ ತಪ್ಪಾಗಲಿ. ಬೈಯುವುದಿಲ್ಲ, ಕೂರುತ್ತಾಳೆ, ಅವಳ ಕೈ ಹುಲ್ಲಿನ ಮೇಲೆ ಹರಿದಾಡುತ್ತ ಬರುತ್ತದೆ, ಜ್ವರ ಬಂದಾಗ ನನ್ನ ಹಣೆಯ ಮೇಲೆ ಹರಿದಾಡುತ್ತಿದ್ದ ಕೈ, ಬೋಳು ನೆಲ ದಾಟಿ, ಕುರಪಿ ಮುಟ್ಟಿ, ನನ್ನ ಪಾದಕ್ಕೆ ತಾಗಿ ಬೆಚ್ಚಿ ನಿಲ್ಲುತ್ತದೆ, ಯಾರ ಅದು, ಬೆರಳು ಮುಂದೆ ಬಂದು ಕಾಲುಂಗುರ ಹಿಡಿದು ತಿರುಗಿಸಿ ಮೀನಿನ ಬೆನ್ನು ಸವರುತ್ತದೆ. ಅನು. ಹೂಂ ಅತ್ತಿ. ಯಾಕ ಮಾತಾಡವಲ್ಲಿ. ಕಣ್ಣ ಕಾಣವಲ್ಲವೇನ್ರಿ ಅತ್ತಿ. ಕೈ ಅಲ್ಲೇ ಇದೆ, ಕಾಲುಂಗುರದ ಮೇಲೆ, ಮಂಜ ಮಂಜ ಕಾಣಸ್ತೈತಿ, ಸಿದ್ದೂಗ ಹೇಳಬ್ಯಾಡ, ನಮ್ಮ ಅತ್ತಿ ಕಣ್ಣ ಹ್ವಾದ ಮ್ಯಾಲ ಆಕೀನ್ನ ಮೂಲ್ಯಾಗ ಕುಂದ್ರಸಿದ್ವಿ, ನಾನ ಕುಂದ್ರಸಿದ್ದೆ, ತಾಟ ಮುಂದ ಇಟ್ಟ ಬರ್ತಿದ್ದೆ, ನನ್ನ ಕುಂದ್ರಸಬ್ಯಾಡ್ರಿ ಬೇ. ಅಳಬೇಡ ಅನುರಾಧಾ, ಅತ್ತರೆ ಅವಳಿಗೆ ಕೇಳಿಸುತ್ತದೆ, ಗುಪ್ಪೆಯಿಂದ ಕರಿಕೆಯ ಬೇರುಗಳನ್ನು ತೆಗೆದು ಅವಳ ಉಡಿಗೆ ಸುರಿದೆ, ಕುಂದ್ರಸೋದಂದ್ರ ಹೆಂಗ್ರಿ, ಅಂಗಳೆಲ್ಲಾ ಬೋಳ ಮಾಡಿಟ್ಟೀರಿ, ಇದನ್ನೆಲ್ಲ ಯಾರ ಹಚ್ಚಬೇಕು, ನಾಳೆ ಕಣ್ಣಿನ ಡಾಕ್ಟರ ಕಡೆ ಹೋಗಿ ಬಂದ ಮ್ಯಾಲ ಇಬ್ಬರೂ ಹಚ್ಚೂಣು. ಕಣ್ಣ ಕೊಯ್ತಾರೇನವಾ. ಕೊಯ್ದ್ರೂ ತಿಳಿಯಂಗಿಲ್ರಿ, ನಾ ಕೈ ಹಿಡಕೊಂಡ ನಿಂದರ್ತೀನಿ. ಅವಳು ಉಡಿಯೊಳಗಿನ ಬೇರಿನ ಗೆಣ್ಣು ಸವರುತ್ತ ನಕ್ಕಳು, ಕರಕಿ ಕಿತ್ತ ಕೈಲೇ ಕರಕಿ ಹಚ್ಚಸ್ತಾಳ ನೋಡು, ಆಮೇಲೆ ನಗು ನಿಲ್ಲಿಸಿ, ದನಿ ಸಣ್ಣದು ಮಾಡಿ, ಹಡೆದವಳ ಹತ್ತಿರ ಮಗು ಕೇಳುವಷ್ಟು ಸಣ್ಣದು ಮಾಡಿ, ಅನು, ಗ್ವಾಡಿ ಬುಡಕಿಂದು ಸೇವಂತಿಗಿನ ಹೌದಲ್ಲ ಬೇ. ಕಾಂಗ್ರೆಸ್ ಕಸ ನನ್ನ ಮುಷ್ಟಿಯಲ್ಲಿದೆ, ಅಂಗೈ ತುರಿಸುತ್ತಿದೆ. ಹೌದ್ರಿ ಅತ್ತಿ, ಸೇವಂತಿಗಿನ, ಮೊಗ್ಗಿ ಬಂದಾವ. ಹಂಗಾರ ಹೂವಾಗುತನಾ ಇದ್ದ ಹೋಗ್ತೀನಿ ತಗೋ — ಸಿದ್ದಲಿಂಗೇಶನಿಗೆ ಫೋನು ಮಾಡಬೇಕು, ಬಸ್ಸು ಬೇಡ ಅನ್ನಬೇಕು, ಶಕೀಲನ ನರ್ಸರಿಗೆ ಹೋಗಿ ಬಾ, ಮೊಗ್ಗು ಬಂದ ಸೇವಂತಿಗೆಯನ್ನೇ ತಾ, ಅವಳು ಮತ್ತೆ ನೀರು ಹಾಕಲು ಬರುವಷ್ಟರಲ್ಲಿ ತಾ ಅನ್ನಬೇಕು, ಮೆತ್ತಗೆ ಇಡಬೇಕು, ಅಂಚು ಕೆಡದ ಹಾಗೆ, ಆ ಅಂಚು, ದುಂಡಗಿನ ಹಸಿ ಪಾತಿ, ನಡುವೆ ನಾನು ಕಿತ್ತ ಕುಣಿ, ಸುತ್ತಲೂ ಬೆರಳಿನ ಗುರುತು, ಐದೂ ಬೆರಳು, ಹೆಬ್ಬೆರಳು ಸ್ವಲ್ಪ ಓರೆ.