ತಗಡಿನ ಮನೆಗೆ ಕಣಿಕೆ

ಬೈರಿದೇವರಕೊಪ್ಪದ ಆ ಬಾಡಿಗೆ ಮನೆಗೆ ಇದ್ದದ್ದು ತಗಡಿನ ಹೊದಿಕೆ. ಈ ವರ್ಷದ ಚಳಿಗೆ ಹದಿನೈದು ದಿನದ ಕೂಸಿನ ಅಂಗಾಲು ಎಷ್ಟು ಸುತ್ತಿದರೂ ತಣ್ಣಗೇ ಇರುತ್ತಿತ್ತು. ಬಾಣಂತಿ ನಾಗರತ್ನಾಳಿಗೆ ಅದೇ ಹೆದರಿಕೆ. ಗಂಡ ಶಿವಯೋಗೀಶ ಕಿಟಕಿ, ಬಾಗಿಲ ಸಂದು ಎಲ್ಲಕ್ಕೂ ಚಿಂದಿ ತುರುಕಿ, ಕೋಣೆಯೊಳಗೆ ಇದ್ದಿಲಿನ ಅಗ್ಗಿಷ್ಟಿಕೆ ಇಟ್ಟಿದ್ದ.

ಮುಂಜಾನೆ ಅತ್ತೆ ದಾನವ್ವ ತನ್ನೂರು ಸುಳ್ಳದಿಂದ ಟಂಟಂ ಗಾಡಿಯಲ್ಲಿ ಜೋಳದ ಒಣದಂಟಿನ ಕಣಿಕೆ, ಹೊದೆಯುವ ಕೌದಿಗಳನ್ನು ಹೇರಿಕೊಂಡು ಬಂದಳು. ಕೂಸಿನ ಮುಖವನ್ನೂ ನೋಡದೆ ಮೊದಲು ಅಗ್ಗಿಷ್ಟಿಕೆಯನ್ನು ಅಂಗಳಕ್ಕೆ ಒಯ್ದಿಟ್ಟಳು.

“ಅವ್ವಾ, ಕೂಸಿಗೆ ಥಂಡಿ ಆಗತೈತಿ,” ಎಂದ ಶಿವಯೋಗೀಶ.

“ಎಲ್ಲಾ ಮುಚ್ಚಿ ಒಳಗ ಕೆಂಡ ಇಟ್ಟೀಯಲ್ಲೋ. ಕೂಸಿಗೆ ಉಸರಾಡಾಕ ಗಾಳಿ ಎಲ್ಲಿಂದ ತರತಿ?”

ಎರಡು ದಿನದಿಂದ ತನ್ನ ತಲೆ ಯಾಕೆ ಸಿಡಿಯುತ್ತಿತ್ತು ಎಂದು ನಾಗರತ್ನಾಳಿಗೆ ಆಗ ಗೊತ್ತಾಯಿತು.

ದಾನವ್ವ ಪಡುವಣ ಕಿಟಕಿಯ ಚಿಂದಿ ಕಿತ್ತು ಬಿಸಾಕಿದಳು. ಮೂಡಗಾಳಿ ಬಡಿಯುವ ಗೋಡೆಗೆ ಮಾತ್ರ ಮೊಳೆ ಹೊಡೆದು ಕೌದಿ ತೂಗುಹಾಕಿದಳು. ಮಗನನ್ನು ಏಣಿ ಹತ್ತಿಸಿ, ತಗಡಿನ ಕೆಳಗೆ ಕಣಿಕೆಯನ್ನು ಒತ್ತೊತ್ತಾಗಿ ಕಟ್ಟಿಸಿದಳು. ಅರವತ್ತು ದಾಟಿದ ಹೆಂಗಸು ಮಧ್ಯಾಹ್ನದವರೆಗೆ ಕೂರಲಿಲ್ಲ.

“ದನದ ಕೊಟಗಿ ಮಾಡಿದಂಗಾತು,” ಎಂದು ಶಿವಯೋಗೀಶ ಗೊಣಗಿದ.

“ನಮ್ಮ ಕೊಟಗ್ಯಾಗ ಒಂದ ಕರಾನೂ ಥಂಡಿಗೆ ಸತ್ತಿಲ್ಲಪಾ.”

ಮರುದಿನ ಮುಂಜಾನೆ ಹೊರಗೆ ತಗಡಿನ ಅಂಚಿನಿಂದ ಇಬ್ಬನಿ ತೊಟ್ಟಿಕ್ಕುತ್ತಿತ್ತು. ನಾಗರತ್ನಾ ಕೂಸಿನ ಅಂಗಾಲು ಹಿಡಿದು ನೋಡಿದಳು. ಬೆಚ್ಚಗಿತ್ತು. ತಲೆನೋವೂ ಇರಲಿಲ್ಲ. ಇಷ್ಟು ತಿಳಿದ ಹೆಂಗಸನ್ನು ತಾನು ಬರೀ ಬಾಯಿಜೋರಿನವಳು ಎಂದುಕೊಂಡಿದ್ದೆನಲ್ಲ ಎನಿಸಿತು. ಹೇಳೋಣವೆಂದು ತಿರುಗಿದರೆ ಅತ್ತೆಯ ಹಾಸಿಗೆ ಖಾಲಿ.

ಅಂಗಳದಲ್ಲಿ ಉಳಿದಿದ್ದ ಕಣಿಕೆಯೂ ಇರಲಿಲ್ಲ. ಪಕ್ಕದ ತಗಡಿನ ಮನೆಯಿಂದ ದಾನವ್ವ ಯಾರನ್ನೋ ಬೈಯುವುದು ಕೇಳುತ್ತಿತ್ತು: “ಮೊದಲ ಆ ಕಿಟಕಿ ತಗೀರಿ.”