ಹತ್ತೊಂಬತ್ತು ಫೋನು, ಒಂದು ಸಹಿ

೧

ಎಲ್ಲಿಂದ ಶುರು ಮಾಡುವುದು? ಮೊದಲ ಡ್ರಾಫ್ಟ್‌ನಲ್ಲಿ ಕಾಪುವಿನ ದೀಪಸ್ತಂಭದ ಬುಡದಲ್ಲಿ ಒಬ್ಬ ಹೆಂಗಸು ಕೂತು ಅಳುತ್ತಿದ್ದಳು. ಎದುರಿಗೆ ಸಮುದ್ರ, ಸಮುದ್ರದ ಬಗ್ಗೆ ನನ್ನ ನಾಲ್ಕು ವಾಕ್ಯ. ಕಥೆಯ ನಾಯಕಿ ದ್ರಾಕ್ಷಾಯಿಣಿಗೇ ಓದಿ ಹೇಳಿದೆ. ಕುಷ್ಟಗಿ ಕಡೆಯವಳು, ಮಣಿಪಾಲದ ಒಂದು ಹಾಸ್ಟೆಲಿನಲ್ಲಿ ಹೌಸ್‌ಕೀಪಿಂಗ್ ಕೆಲಸ.

"ಯಾರ್ರಿ ಈಕಿ?"

"ನೀನೇ."

"ನಾ ಯಾವಾಗ ಅಲ್ಲಿ ಹೋಗಿ ಅತ್ತೀನ್ರಿ? ರಜಾ ಯಾರ್ ಕೊಡ್ತಾರ? ಆ ಫೋನ್ ಮಾಡಿದ ದಿನ ನಮಗ ಖುಷಿ ಆಗಿತ್ತು. ಖುಷಿ ಅಂತ ಬರೀರಿ."

ಡಿಲೀಟ್. (ಸಮುದ್ರದ ವಾಕ್ಯಗಳನ್ನು ಬೇರೆ ಫೈಲಿನಲ್ಲಿ ಎತ್ತಿಟ್ಟುಕೊಂಡಿದ್ದೇನೆ. ಬರೆಯುವವರ ಜಾತಿಯೇ ಹಾಗೆ.)

೨

ಆದರೆ ಖುಷಿಗೆ ಮೊದಲಿನದನ್ನು ಹೇಳದೆ ಖುಷಿ ಬರೆಯಲು ನನಗೆ ಗೊತ್ತಿಲ್ಲ.

ಕಳೆದ ವರ್ಷ ದ್ರಾಕ್ಷಾಯಿಣಿಗೆ ಬೇಡದ ಬಸಿರು ನಿಂತಿತ್ತು. ಮೂರು ಆಸ್ಪತ್ರೆಗೆ ಹೋದಳು. ಮೂರೂ ಕಡೆ ಒಂದೇ ಮಾತು: ಗಂಡನನ್ನು ಕರೆದುಕೊಂಡು ಬಾ, ಸಹಿ ಬೇಕು. ಗಂಡ ಬಿಟ್ಟುಹೋಗಿ ಎರಡು ವರ್ಷ ಆಗಿತ್ತು. (ಹಾಗಾದರೆ ಬಸಿರು ಯಾರಿಂದ ಎಂದು ಕೇಳುವ ಓದುಗರಿದ್ದಾರೆ. ನಾನೂ ಕೇಳಿದ್ದೆ. "ಕಥಿಗೆ ಅದು ಬೇಕೇನ್ರಿ?" ಅಂದಳು. ಬೇಡ.) ಕೊನೆಗೆ ಯಾರೋ ಕೊಟ್ಟ ಮಾತ್ರೆ ನುಂಗಿ, ಹನ್ನೆರಡು ದಿನ ರಕ್ತ ಹೋಗಿ, ಸಾವಿನ ಹೊಸ್ತಿಲು ಮುಟ್ಟಿ ಬಂದಳು. ಆಗ ಅವಳ ಕೈಗೆ ಡ್ರಿಪ್ ಹಾಕಿದ ನರ್ಸು ಕಾಪುವಿನ ಐರಿನ್. ನಿವೃತ್ತಿಗೆ ಎರಡು ವಾರ ಬಾಕಿ ಇದ್ದವರು.

ಐರಿನ್ ಬಾಯಿ ಅವಳ ಕಿವಿಯ ಬಳಿ ಬಗ್ಗಿ ಹೇಳಿದ್ದು ಇಷ್ಟೇ: "ಹದಿನೆಂಟು ದಾಟಿದ ಹೆಂಗಸಿಗೆ ಅವಳ ಸಹಿ ಒಂದೇ ಸಾಕು ಅಂತ ಕಾನೂನಿನಲ್ಲಿ ಉಂಟು ಮಗಾ. ಗಂಡನದ್ದು ಬೇಡ. ನಿನಗೆ ಯಾರೂ ಹೇಳಲಿಲ್ಲವಾ?"

ಆ ಸಿಟ್ಟಿನಲ್ಲೇ ದ್ರಾಕ್ಷಾಯಿಣಿ ಎದ್ದು ಕೂತಳು.

೩

(ಇಲ್ಲಿ ಐರಿನ್ ಬಾಯಿಯ ಅಂತರಂಗದ ತೊಳಲಾಟವನ್ನು ಒಂದೂವರೆ ಪುಟ ಬರೆದಿದ್ದೆ. ಚರ್ಚಿನಲ್ಲಿ ಭಾನುವಾರದ ಪೂಜೆ, ಪಾಪನಿವೇದನೆ ಇತ್ಯಾದಿ. ಅವರು ಕನ್ನಡಕ ಏರಿಸಿ ಓದಿದರು. "ನನ್ನ ಮತ್ತು ದೇವರ ನಡುವೆ ನೀವು ಎಂತಕ್ಕೆ ಬರುವುದು ಮಾರಾಯ್ರೆ? ಅವಳು ಕೇಳಿದ್ದು ದಾರಿ. ನನ್ನ ಅಭಿಪ್ರಾಯ ಅಲ್ಲ." ಒಂದೂವರೆ ಪುಟ ಹೋಯಿತು.)

೪

ಈಗ ಖುಷಿ.

ಒಂದು ಭಾನುವಾರ ಮಧ್ಯಾಹ್ನ ಮಣಿಪಾಲದಲ್ಲಿ ಅರ್ಧ ಕಟ್ಟಿದ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ ಹನ್ನೆರಡು ಹೆಂಗಸರು ಸೇರಿದರು. ಗಾರೆ ಹೊರುವವರು, ಕಸ ಗುಡಿಸುವವರು, ಮೆಸ್ಸಿನಲ್ಲಿ ರೊಟ್ಟಿ ಬಡಿಯುವವರು. ದ್ರಾಕ್ಷಾಯಿಣಿಯ ಉಪಾಯ ಸರಳ: ಪಡುಬಿದ್ರಿಯಿಂದ ಬಜಗೋಳಿಯವರೆಗೆ ಇರುವ ಆಸ್ಪತ್ರೆಗಳಿಗೆಲ್ಲ ಫೋನು ಮಾಡುವುದು, ಒಂದೇ ಪ್ರಶ್ನೆ ಕೇಳುವುದು. ಗಂಡನ ಸಹಿ ಬೇಕಾ?

ಸ್ಪೀಕರ್ ಹಾಕಿದರು. ಹತ್ತೊಂಬತ್ತು ಫೋನು. ಹನ್ನೊಂದು ಕಡೆ "ಬೇಕೇ ಬೇಕು." ನಾಲ್ಕು ಕಡೆ ಕಟ್. ಮೂರು ಕಡೆ "ಯಾರು ನೀವು?" ಪ್ರತಿ ಉತ್ತರಕ್ಕೂ ಗೋಡೆಯ ಮೇಲೆ ಇದ್ದಿಲಿನಿಂದ ಒಂದೊಂದು ಗೀಟು. ಕೊನೆಯದು ಕಾರ್ಕಳ. ಅಲ್ಲಿನ ಡಾಕ್ಟರಮ್ಮನೇ ಫೋನು ಎತ್ತಿ, "ಅವಳ ಸಹಿ ಸಾಕಲ್ವಾ? ಗಂಡನದ್ದು ಎಂತಕ್ಕೆ?" ಅಂದರು.

ಹನ್ನೆರಡು ಹೆಂಗಸರು ಹೋ ಎಂದು ಕೂಗಿದ ಕೂಗಿಗೆ ಕೆಳಗಿನ ಸೂಪರ್‌ವೈಸರ್ ಏನು ಬಿತ್ತೆಂದು ಓಡಿ ಬಂದನಂತೆ.

ಮರುವಾರವೇ ಕೈಯಗಲದ ಚೀಟಿ ತಯಾರಾಯಿತು: ನಿನ್ನ ಸಹಿ ಸಾಕು, ತಡ ಮಾಡಬೇಡ, ಕಂಡವರ ಮಾತ್ರೆ ಬೇಡ, ಈ ನಂಬರಿಗೆ ಫೋನು ಮಾಡು, ಜತೆಗೆ ನಾವು ಬರುತ್ತೇವೆ. ಅಂಟಿಸಿದ್ದು ಸೈಟು, ಹಾಸ್ಟೆಲುಗಳಲ್ಲಿ ಹೆಂಗಸರ ಪಾಯಿಖಾನೆ ಬಾಗಿಲಿನ ಒಳಮೈಗೆ. ಅಲ್ಲಿ ಯಾವ ಮೇಸ್ತ್ರಿಯ ಕಣ್ಣೂ ಬೀಳುವುದಿಲ್ಲ.

೫

ಆ ಚೀಟಿ ಓದಿಸಿಕೊಂಡು ಬಂದವಳು ಹಿರಿಯಡ್ಕದ ಸೈಟಿನ ರತ್ನವ್ವ. ಮೂರು ಮಕ್ಕಳ ತಾಯಿ, ಎಂಟು ವಾರದ ಬಸಿರು. ಗಂಡ ಕಲ್ಲಯ್ಯ ಗೋವಾದಲ್ಲಿ ಕೆಲಸಕ್ಕೆ.

(ಕಲ್ಲಯ್ಯನನ್ನು ಕುಡುಕ ಮಾಡಲೇ ಎಂದು ಕೇಳಿದೆ. "ಪಾಪ, ಚಹಾನೂ ಕುಡಿಯಾಂಗಿಲ್ರಿ," ಅಂದಳು ರತ್ನವ್ವ. "ಆದ್ರ ಈ ಮಾತು ಅವಗ ಹೇಳೂದು ಬಿಡೂದು ನಂದು.")

ದ್ರಾಕ್ಷಾಯಿಣಿ, ಐರಿನ್ ಬಾಯಿ, ರತ್ನವ್ವ ಬೆಳಗಿನ ಬಸ್ಸಿಗೆ ಕಾರ್ಕಳ ಮುಟ್ಟಿದರು. ಕೌಂಟರಿನಲ್ಲಿದ್ದ ಹುಡುಗಿ ತಲೆ ಎತ್ತಲಿಲ್ಲ.

"ಗಂಡ ಬರಲಿಲ್ಲವಾ? ಸಹಿ ಬೇಕು."

ಕಳೆದ ವರ್ಷ ದ್ರಾಕ್ಷಾಯಿಣಿ ಮೂರು ಕಡೆ ಕೇಳಿದ್ದ ಅದೇ ಮಾತು. ಫೋನಿನಲ್ಲಿ ಡಾಕ್ಟರು ಹೇಳಿದ್ದೊಂದು, ಕೌಂಟರು ಹೇಳುವುದೊಂದು. ಕಾಲು ತಾನಾಗಿ ಬಾಗಿಲ ಕಡೆ ತಿರುಗಿತ್ತು. ಹಿಂದೆ ರತ್ನವ್ವ ಅವಳ ಸೆರಗನ್ನು ಮುಷ್ಟಿಯಲ್ಲಿ ಹಿಡಿದಿದ್ದಳು.

"ಫಾರ್ಮ್ ಕೊಡ್ರಿ," ಅಂದಳು ದ್ರಾಕ್ಷಾಯಿಣಿ. "ಒಪ್ಪಿಗಿ ಫಾರ್ಮು. ಗಂಡನ ಸಹಿ ಎಲ್ಲಿ ಹಾಕ್ಬೇಕು, ಜಾಗಾ ತೋರಸ್ರಿ."

ಹುಡುಗಿ ಫಾರ್ಮ್ ತೆಗೆದು ಮೇಲಿಂದ ಕೆಳಗೆ ನೋಡಿದಳು. ತಿರುವಿ ನೋಡಿದಳು. ಮತ್ತೆ ನೋಡಿದಳು.

"ಒಂದೇ ಗೆರೆ ಉಂಟು," ಅಂದಳು ಮೆಲ್ಲಗೆ. ಮತ್ತೆ, ತನಗೇ ಹೇಳಿಕೊಳ್ಳುವ ಹಾಗೆ, "ನಾನು ಇಷ್ಟು ದಿನ ಗಂಡನದ್ದನ್ನು ಅದರ ಪಕ್ಕದಲ್ಲಿ ಹಾಕಿಸುತ್ತಿದ್ದೆ."

ರತ್ನವ್ವ ಆ ಗೆರೆಯ ಮೇಲೆ ಸಹಿ ಹಾಕಿದಳು. ಡಾಕ್ಟರಮ್ಮ ಅರ್ಧ ಗಂಟೆ ಮಾತಾಡಿಸಿ, ಪರೀಕ್ಷಿಸಿ, ಮೊದಲ ಮಾತ್ರೆಯನ್ನು ಅಲ್ಲೇ ನುಂಗಿಸಿದರು. ಹೊರಬಂದ ಮೂವರೂ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಬನ್ಸ್ ತಿಂದರು. ಐರಿನ್ ಬಾಯಿ ನಗುತ್ತ ನಗುತ್ತ ಕೆಮ್ಮಿ, ಕಣ್ಣು ಒರೆಸಿಕೊಂಡರು. ರತ್ನವ್ವ ಇನ್ನೊಂದು ಪ್ಲೇಟ್ ಹೇಳಿದಳು.

೬

ಅಂತ್ಯ ಒಂದು: ರತ್ನವ್ವ ಗೋವಾಕ್ಕೆ ಫೋನು ಮಾಡಿ ಗಂಡನಿಗೆ ಹೇಳುತ್ತಾಳೆ. ಅಂತ್ಯ ಎರಡು: ಎಂದೂ ಹೇಳುವುದಿಲ್ಲ. ಅಂತ್ಯ ಮೂರು: ಜಿಲ್ಲೆಯ ಕೌಂಟರುಗಳೆಲ್ಲ ಸರಿಹೋಗುತ್ತವೆ (ನನಗೇ ನಗು ಬಂತು).

ಯಾವುದಿರಲಿ ಎಂದು ಕೇಳಲು ಹಾಸ್ಟೆಲಿನ ಹಿಂದಿನ ಮೆಟ್ಟಿಲಿಗೆ ಹೋದೆ. ದ್ರಾಕ್ಷಾಯಿಣಿ ಮಾಪು ಹಿಂಡುತ್ತಿದ್ದಳು. ಅಷ್ಟರಲ್ಲಿ ಮೇಲಿನಿಂದ ಒಬ್ಬಳು ವಿದ್ಯಾರ್ಥಿನಿ ಇಳಿದು ಬಂದಳು. ಆಶ್ಲಿ, ಎಂಜಿನಿಯರಿಂಗ್ ಕೊನೆಯ ವರ್ಷ. ನನ್ನನ್ನು ಕಂಡು ಹಿಂಜರಿದಳು. ಮತ್ತೆ ಗಟ್ಟಿ ಮನಸ್ಸು ಮಾಡಿ ಕೇಳಿದಳು:

"ಅಕ್ಕ, ಮದುವೆ ಆಗದವರಿಗೆ ರೂಲ್ಸ್ ಎಂತ?"

ದ್ರಾಕ್ಷಾಯಿಣಿ ಮಾಪನ್ನು ಗೋಡೆಗೆ ಒರಗಿಸಿ, ಕೈ ಒರೆಸಿಕೊಂಡು, ಅವಳಿಗೆ ಮೆಟ್ಟಿಲಲ್ಲಿ ಜಾಗ ಮಾಡಿಕೊಟ್ಟಳು. ನನ್ನ ಕಡೆ ತಿರುಗಿದಳು.

"ನೀವು ಆ ಕಡೆ ಹೋಗ್ರಿ. ಈ ಕಥಿ ಓದವ್ರನ್ನೂ ಕರ್ಕೊಂಡು ಹೋಗ್ರಿ."

ಹೊರಟಿದ್ದೇನೆ. ಓದುಗರೇ, ನೀವೂ ಏಳಿ.