ಹೂಂಗುಟ್ಟುವ ಕೂಸಿಗೊಂದು ಹೆಸರು

ಊಟದ ಬಿಡುವು ಮುಗಿಯುವುದರೊಳಗೆ ಒಂದು ಹೆಸರು ಹುಟ್ಟಬೇಕಿತ್ತು. ಇಲ್ಲದಿದ್ದರೆ ನಮ್ಮ ಕೂಸು ಹುಟ್ಟಿದ ಮನೆಯಲ್ಲೇ ಬಂದಿಯಾಗಿ ಉಳಿಯುತ್ತಿತ್ತು.

ಕೂಸೆಂದರೆ ಒಂದು ಸಾಫ್ಟ್‌ವೇರ್. ಬ್ಯಾಂಕಿನ ವ್ಯವಹಾರವನ್ನೆಲ್ಲ ಓದಿ, ಅದು ಸರ್ಕಾರದ ನಿಯಮದಂತೆ ನಡೆದಿದೆಯೋ ಇಲ್ಲವೋ ಎಂದು ಹೇಳುವಂಥದ್ದು. ನಿಯಮ ಬದಲಾದಾಗಲೆಲ್ಲ ಪ್ರತಿ ಬ್ಯಾಂಕೂ ತನ್ನ ಪಾಡಿಗೆ ತಾನು ತಲೆ ಕೆಡಿಸಿಕೊಂಡು ಇದನ್ನೇ ಮತ್ತೆ ಬರೆಯುತ್ತಿತ್ತು. ಎಲ್ಲರೂ ಕೂಡಿ ಒಂದನ್ನೇ ಬರೆಯೋಣ, ಕೋಡಿನ ಬಾಗಿಲು ತೆರೆದಿಡೋಣ, ಬೇಕಾದವರು ಓದಲಿ, ತಿದ್ದಲಿ, ಬಳಸಲಿ ಎಂದು ನಮ್ಮ ತಂಡದ ಮುಖ್ಯಸ್ಥೆ ಹಟ ಹಿಡಿದಿದ್ದಳು. ಓಪನ್ ಸೋರ್ಸ್ ಎಂದರೆ ಅಷ್ಟೇ. ಅವಳನ್ನು ಎಲ್ಲರೂ ಅಕ್ಕ ಅನ್ನುತ್ತಿದ್ದೆವು. ನಿಯಮಗಳನ್ನು ಓದಿ ಅರ್ಥ ಮಾಡಿಕೊಳ್ಳುವ ಭಾಗ ನಾನು ಬರೆದದ್ದು. ಅದು ಹೊಸಿಲು ದಾಟುವುದನ್ನು ನೋಡುವ ಆಸೆಯಿಂದ ನನಗೆ ಬೆಳಗಿನಿಂದ ಕಾಲು ನಿಲ್ಲುತ್ತಿರಲಿಲ್ಲ.

ಕೂಡಿ ಬರೆಯಲಿರುವ ಬ್ಯಾಂಕುಗಳ ಒಪ್ಪಂದದ ಕರಡು ತಯಾರಾಗಿತ್ತು. ಹೆಸರಿನ ಜಾಗವೊಂದೇ ಖಾಲಿ. ನಮ್ಮ ಬ್ಯಾಂಕಿನ ಕಾನೂನು ವಿಭಾಗದ ಹಿರಿಯರು, ಎಲ್ಲಕ್ಕೂ ಬೀಗ ಜಡಿಯುವುದರಿಂದ ಬೆನ್ನ ಹಿಂದೆ ನಮ್ಮೆಲ್ಲರಿಗೂ ‘ಬೀಗ ಸರ್’, ನಮ್ಮ ಬ್ಯಾಂಕಿನ ಹೆಸರೇ ಮುಂದಿರಲಿ ಎಂದು ಕೂತಿದ್ದರು.

“ನಿಮ್ಮ ಬೋರ್ಡು ಹೊತ್ಕೊಂಡು ನಾವ್ಯಾಕೆ ತಿರುಗ್ಬೇಕು ಸರ್?” ಎಂದರು ಸಹಕಾರಿ ಬ್ಯಾಂಕಿನಿಂದ ಬಂದಿದ್ದ ಮೇಡಂ. ಆಗಲೇ ಕೈಚೀಲಕ್ಕೆ ಕೈ ಹಾಕಿಯಾಗಿತ್ತು.

“ಹಾಗಾದ್ರೆ ನೀವೇ ಒಂದು ಹೇಳಿ.”

“ನಿಯಮಮಿತ್ರ?”

“ಪರೀಕ್ಷೆ ಗೈಡ್ ಇದ್ದ ಹಾಗಿದೆ,” ಎಂದಳು ಅಕ್ಕ. “ವಿತ್ತರಕ್ಷಕ?”

“ಅದು ತಿಜೋರಿ ಮಾರೋರ ಹೆಸರು. ನಮ್ಮಲ್ಲೇ ಒಂದಿದೆ, ಬಾಗ್ಲು ಹಾಕೋಕೇ ಬರಲ್ಲ,” ಎಂದರು ಮೇಡಂ.

ಬೀಗ ಸರ್ ಕನ್ನಡಕ ಒರೆಸಿಕೊಂಡರು. “ಊಟ ಆದ್ಮೇಲೂ ಹೆಸರು ಸಿಗ್ಲಿಲ್ಲ ಅಂದ್ರೆ ಮಾತು ಮುಗೀತು. ಕೋಡು ನಮ್ಮಲ್ಲೇ ಇರುತ್ತೆ.”

ನನಗೆ ಊಟ ಸೇರಲಿಲ್ಲ. ಮೆಟ್ಟಿಲ ಮೇಲೆ ಕೂತು ಅಜ್ಜಿಗೆ ಫೋನು ಹಚ್ಚಿದೆ. ಕಥೆಯಲ್ಲಿ ಬರುವ ಕತ್ತೆಗೂ ಒಡಕು ಕೊಡಕ್ಕೂ ಚೆಂದದ ಹೆಸರಿಡುವವಳು ಅವಳು.

“ಅಜ್ಜೀ, ಒಂದು ಹೆಸರು ಬೇಕಿತ್ತು.”

“ಗಂಡೋ ಹೆಣ್ಣೋ?”

“ಎರಡೂ ಅಲ್ಲ ಕಣಜ್ಜಿ. ಕಂಪ್ಯೂಟರಿನೊಳಗಿರೋದು.”

“ಅದಕ್ಯಾಕೆ ಹೆಸರು? ಕರೆದ್ರೆ ಬರುತ್ತಾ?”

ಅಲ್ಲಿಗೆ ಆ ವಿಷಯ ಮುಗಿಯಿತು. ಅವಳು ಮಂಡಿನೋವಿನ ಮಾತಿಗಿಳಿದಳು, ಅಲ್ಲಿಂದ ಎದುರುಮನೆಯ ಸುದ್ದಿಗೆ ಹೋದಳು. ನಾನು ಮಡಿಲ ಮೇಲಿನ ಹಾಳೆಯಲ್ಲಿ ಹೆಸರು ಗೀಚುತ್ತ ಹೊಡೆದುಹಾಕುತ್ತ ಇದ್ದೆ.

“ಎದುರುಮನೆಯವಳು ಗೇಟಿಗೆ ನೀಲಿ ಬಣ್ಣ ಹೊಡೆಸಿದ್ಲು.”

“ಹೂಂ.”

“ಹಸಿ ಬಣ್ಣಕ್ಕೆ ಅವಳ ಬೆಕ್ಕು ಹೋಗಿ ಒರಗ್ತು.”

“ಹೂಂ.”

“ಆ ಬೆಕ್ಕು ನಿನ್ನೆ ನಿಮ್ಮ ಬ್ಯಾಂಕಲ್ಲೇ ಮ್ಯಾನೇಜರಾಗಿ ಸೇರ್ಕೊಂಡಿದೆ.”

“ಹೂಂ.”

“ಸಿಕ್ಬಿದ್ದೆ ಕಳ್ಳಿ. ಕಣ್ಣು ಬಿಟ್ಕೊಂಡೇ ನಿದ್ದೆ ಮಾಡ್ತಿದೀಯ.”

ಪೆನ್ಸಿಲ್ ನಿಂತಿತು. ಚಿಕ್ಕವರಿದ್ದಾಗ ಅವಳ ಕಥೆಗೆ ನಾವು ಹೂಂಗುಟ್ಟಬೇಕಿತ್ತು. ಹೂಂ ನಿಂತರೆ ಕಥೆಯೂ ನಿಲ್ಲುತ್ತಿತ್ತು. ನನ್ನ ತಮ್ಮನಂತೂ ನಿದ್ದೆಯಲ್ಲೇ ಹೂಂಗುಟ್ಟುವುದನ್ನು ಕಲಿತುಬಿಟ್ಟಿದ್ದ. ಅದಕ್ಕೇ ಅವಳು ನಡುವೆ ಒಂದು ಸುಳ್ಳು ತೂರಿಸುತ್ತಿದ್ದಳು, ರಾಜಕುಮಾರಿ ಆನೆಯನ್ನು ಜಡೆಗೆ ಮುಡಿದುಕೊಂಡಳು ಅಂತ. ಥಟ್ಟನೆ ‘ಊಹೂಂ’ ಅಂದವರು ಮಾತ್ರ ಎಚ್ಚರವಿದ್ದಾರೆಂದು ಲೆಕ್ಕ.

“ಅಜ್ಜೀ, ಆಮೇಲೆ ಮಾಡ್ತೀನಿ,” ಎಂದವಳೇ ಎರಡೆರಡು ಮೆಟ್ಟಿಲು ಹಾರಿ ಓಡಿದೆ.

ಮೀಟಿಂಗಿನ ಕೋಣೆಯಲ್ಲಿ ಕುರ್ಚಿ ಎಳೆಯುವ ಸದ್ದು. ನಾನು ಉಸಿರು ತೆಗೆದುಕೊಳ್ಳಲೂ ನಿಲ್ಲದೆ ಬೆಕ್ಕಿನಿಂದ ಹಿಡಿದು ಆನೆಯವರೆಗೆ ಒಂದೇ ಗುಕ್ಕಿನಲ್ಲಿ ಹೇಳಿಬಿಟ್ಟೆ. “ನಾವೂ ಅದನ್ನೇ ಮಾಡ್ತೀವಲ್ಲ? ಬೇಕಂತಲೇ ಸುಳ್ಳು ವ್ಯವಹಾರ ತೂರಿಸಿ, ಇದು ಹಿಡಿಯುತ್ತಾ ಅಂತ ನೋಡ್ತೀವಿ. ಎಲ್ಲದಕ್ಕೂ ಹೂಂ ಅನ್ನೋದು ಯಾರಿಗೆ ಬೇಕು? ಊಹೂಂ ಅನ್ನೋಕೆ ತಾನೇ ಇದನ್ನ ಕಟ್ಟಿರೋದು. ಅದೇ ಹೆಸರಿಡೋಣ. ಊಹೂಂ.”

ಮೇಡಂ ಮೇಜಿಗೆ ಹಣೆ ಹಚ್ಚಿ ನಕ್ಕರು. “ನಮ್ಮಲ್ಲೊಬ್ರು ಆಡಿಟರ್ ಇದ್ರು. ನಿಮ್ಮ ತಮ್ಮನ ಹಾಗೇನೇ.”

“ಬ್ಯಾಂಕಿನೋರ ಬಾಯಲ್ಲಿ ಊಹೂಂ ಕೇಳಿ ಕೇಳಿ ಗ್ರಾಹಕರಿಗೆ ಆಗಲೇ ಸಾಕಾಗಿದೆ,” ಎಂದರು ಬೀಗ ಸರ್. “ಅದನ್ನ ಹೆಸರು ಬೇರೆ ಮಾಡ್ಬೇಕಾ?”

“ಇದು ಗ್ರಾಹಕರಿಗೆ ಅನ್ನೋದಲ್ಲ ಸರ್. ನಮಗೆ ಅನ್ನೋದು.”

ನನ್ನ ಧ್ವನಿ ನನಗೇ ಜೋರೆನಿಸಿತು. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.

“ಸರಿ,” ಎಂದಳು ಅಕ್ಕ, “ಊಹೂಂಗೆ ಯಾರ್ಯಾರು ಹೂಂ ಅಂತೀರಿ?”

ಮೇಡಂ ಕೈ ಎತ್ತಿದರು. ನಾನು ಎತ್ತಿದೆ, ನನ್ನನ್ನು ಯಾರೂ ಕೇಳಿರಲಿಲ್ಲ. ಅಕ್ಕ ಕರಡಿನ ಮೇಲೆ ಪೆನ್ನಿಟ್ಟು ಬೀಗ ಸರ್ ಕಡೆ ತಿರುಗಿದಳು. “ಏನಂತ ಬರೀಲಿ ಸರ್?”

“ಊಹೂಂ.”

ಎತ್ತಿದ್ದ ಕೈಯನ್ನು ನಾನು ಇಳಿಸಿದೆ. ಅಕ್ಕ ಪೆನ್ನನ್ನು ನಿಧಾನಕ್ಕೆ ಎತ್ತಿದಳು. “ಅಂದ್ರೆ... ಬೇಡ ಅಂತಾನಾ?”

“ಬೇಡ ಅಂದ್ನೇನ್ರೀ? ಏನಂತ ಬರೀಲಿ ಅಂದ್ರಿ, ಹೇಳ್ದೆ. ಮೊದಲಕ್ಷರ ದೀರ್ಘ. ಬರ್ಕೊಳ್ಳಿ, ಮನಸ್ಸು ಬದಲಾಗೋಕೆ ಮುಂಚೆ.”

ಸಹಿಯ ಶಾಯಿ ಆರುವ ಮೊದಲೇ ನಾನು ಕೋಡನ್ನು ಎಲ್ಲರಿಗೂ ತೆರೆದೆ. ಗುಂಡಿ ಒತ್ತುವಾಗ ಬೆರಳು ಆತುರಕ್ಕೆ ಒಮ್ಮೆ ಪಕ್ಕಕ್ಕೆ ಬಿತ್ತು. ಮೇಡಂ ತಮ್ಮ ಕಚೇರಿಗೆ ಫೋನು ಮಾಡಿ, “ಬಂತು, ಬಂತು, ನೋಡ್ರೋ” ಅನ್ನುತ್ತಿದ್ದರು. ನಮ್ಮ ಚಹಾ ಆರುವಷ್ಟರಲ್ಲಿ, ಮುಖ ಕಾಣದ ಯಾರೋ ಎಲ್ಲಿಂದಲೋ ಮೊದಲ ಟಿಪ್ಪಣಿ ಹಾಕಿದರು: ರಜಾ ದಿನಗಳ ಲೆಕ್ಕದಲ್ಲಿ ತಪ್ಪಿದೆ, ತಿದ್ದಿ ಕಳಿಸಿದ್ದೇನೆ, ನೋಡಿ.

ನೋಡಿದೆ. ತಪ್ಪು ನನ್ನದೇ. ಅವರು ತಿದ್ದಿದ್ದು ಸರಿಯಾಗಿತ್ತು.

“ಅಕ್ಕಾ,” ಎಂದು ಕೂಗಿದೆ, “ಬಾ ಇಲ್ಲಿ, ಯಾರೋ ನನ್ನ ತಪ್ಪು ಹಿಡಿದಿದ್ದಾರೆ.” ಬಹುಮಾನ ಬಂದವಳಂತೆ ಕುಣಿಯುತ್ತಿದ್ದ ನನ್ನನ್ನು ನೋಡಿ ಬೀಗ ಸರ್, ಏನಾಯಿತು ಈ ಹುಡುಗಿಗೆ ಎಂಬಂತೆ ಎದ್ದು ಬಂದು, ಪರದೆಗೆ ಬಗ್ಗಿದರು.